ಸುಟ್ಟ ಭಜನಾ ಮಂದಿರ, ಉಳಿದ ತೊಲೆಗಳು

ಕರಾವಳಿಯ ನಮ್ಮೂರಿನ ಭಜನಾ ಮಂದಿರಕ್ಕೆ ನೂರು ವರ್ಷ ದಾಟಿತ್ತು. ಮುರಕಲ್ಲಿನ ಗೋಡೆ, ಕರಿಕಲ್ಲಿನ ಕಂಬ, ಮರದ ಮಾಡು, ಮೇಲೆ ಮಂಗಳೂರು ಹಂಚು. ಭಜನೆ ಮಾತ್ರ ಅಲ್ಲ, ಊರಿನ ಸಭೆ, ಮಕ್ಕಳ ಯಕ್ಷಗಾನ ತರಗತಿ ಎಲ್ಲ ಅಲ್ಲೇ. ಅಟ್ಟದ ಹಳೆ ವೈರಿಂಗ್‌ನಿಂದ ಬೆಂಕಿ ಹೊತ್ತಿಕೊಂಡು ಅರ್ಧ ಮಾಡು ಕುಸಿಯಿತು. ಹಳೆ ಮನೆಗಳ ಮರಗೆಲಸ, ದುರಸ್ತಿ ನನ್ನ ಕಸುಬು. ಹಾಗಾಗಿ ಊರವರು ನನ್ನನ್ನೇ ಕರೆದರು.

ಸಮಿತಿಯಲ್ಲಿ ಬಂದ ಮೊದಲ ಮಾತು, ‘ಕೆಡವಿ ಆರ್‌ಸಿಸಿ ಹಾಕುವ, ಅಲ್ವಾ?’ ಹಿರಿಯರೊಬ್ಬರು ಮೈಸೂರಿನ ಉದಾಹರಣೆ ಕೊಟ್ಟರು. ಅಲ್ಲಿನ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿಗೆ ಸುಟ್ಟಿತು. ಆಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣದ ಅರಮನೆ 1912ಕ್ಕೆ ಎದ್ದು ನಿಂತಿತು. ಅವರ ಮಾತು ಸರಿಯೇ. ಆದರೆ ಪ್ಯಾರಿಸ್‌ನ ನೋಟ್ರ ಡಾಮ್ ಚರ್ಚಿನಲ್ಲಿ 2019ರಲ್ಲಿ ಸುಟ್ಟ ಮಾಡನ್ನು ಓಕ್ ಮರದಲ್ಲೇ ಮತ್ತೆ ಕಟ್ಟಿ, 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದರು. ಎರಡೂ ದಾರಿ ಇದೆ. ‘ಅಣ್ಣ, ಬೆಂಕಿ ಏನು ಉಳಿಸಿದೆ ಅಂತ ಮೊದಲು ನೋಡುವ, ಆಮೇಲೆ ತೀರ್ಮಾನ’ ಎಂದೆ. ಅವರು ಒಪ್ಪಿದರು.

ಮೊದಲು ತೊಲೆಗಳನ್ನು ನೋಡಿದೆವು. ಕರಿ ಹಿಡಿದ ತೊಲೆ ಕಂಡರೆ ಎಲ್ಲರೂ ‘ಹೋಯ್ತು’ ಅಂತಾರೆ. ದಪ್ಪ ಮರ ಹಾಗೆ ಹೋಗುವುದಿಲ್ಲ. ಬೆಂಕಿ ಮರದೊಳಗೆ ನಿಮಿಷಕ್ಕೆ ಸುಮಾರು 0.6ರಿಂದ 0.8 ಮಿಲಿಮೀಟರ್ ಇಳಿಯುತ್ತದೆ. ಅಂದರೆ ಅರ್ಧ ಗಂಟೆ ಉರಿದರೆ ಎರಡು ಸೆಂಟಿಮೀಟರ್ ಆಸುಪಾಸು. ಮೇಲಿನ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ನಾವು ಬಾಚಿಯಲ್ಲಿ ಇದ್ದಿಲು ಕೆತ್ತಿ, ಮರದ ನಿಜವಾದ ಬಣ್ಣ ಕಾಣುವವರೆಗೂ ಹೋದೆವು. ಉಳಿದ ಅಳತೆಯನ್ನು ಇಂಜಿನಿಯರಿಗೆ ಕೊಟ್ಟೆವು.

ಇಲ್ಲಿ ಕಣ್ಣಂದಾಜು ಸಾಲದು. 8 ಇಂಚು ಅಗಲ, 10 ಇಂಚು ಎತ್ತರದ ತೊಲೆ ಎರಡು ಪಕ್ಕದಲ್ಲೂ ಅಡಿಯಲ್ಲೂ ಒಂದೊಂದು ಇಂಚು ಸುಟ್ಟಿದೆ ಅಂದುಕೊಳ್ಳಿ. ನೋಡಲು ತುಂಬ ಉಳಿದಂತೆ ಕಾಣುತ್ತದೆ. ಆದರೆ ಭಾರ ಹೊರುವ ಬಲ ಸುಮಾರು ಶೇ. 60ಕ್ಕೆ ಇಳಿದಿರುತ್ತದೆ. ಎತ್ತರ ಸ್ವಲ್ಪ ಕಡಿಮೆಯಾದರೂ ಬಲ ಜಾಸ್ತಿ ಕುಗ್ಗುತ್ತದೆ. ಅಂಥ ತೊಲೆಗಳ ಪಕ್ಕಕ್ಕೆ ಹೊನ್ನೆ ಮರದ ಹೊಸ ತೊಲೆ ಕೊಟ್ಟೆವು. ಗೋಡೆಯೊಳಗಿನ ತುದಿ ಮಾತ್ರ ಸುಟ್ಟಿದ್ದಕ್ಕೆ ಓರೆಯಾಗಿ ಕೊಯ್ದು ಹೊಸ ತುಂಡು ಸೇರಿಸಿ ಬೋಲ್ಟ್ ಹಾಕಿದೆವು. ಮಾಡಿನ ಇಳಿಜಾರಿಗೆ ಹಾಕುವ ಪಕ್ಕಾಸು, ಹಂಚು ಕೂರುವ ರೀಪು ತೆಳು ಮರ. ಅವನ್ನೆಲ್ಲ ಹೊಸದಾಗಿಯೇ ಮಾಡಿಸಬೇಕಾಯಿತು.

ಕಲ್ಲಿನಲ್ಲಿ ನನಗೆ ಆತಂಕ ಜಾಸ್ತಿ ಇತ್ತು. ಬಿಸಿಗೆ ಕಲ್ಲು ಕೆಂಪಾದರೆ ಪೆಟ್ಟಾಗಿದೆ ಎಂದು ಎಷ್ಟೋ ಕಡೆ ಗುರುತಿಸಬಹುದು. ಮುರಕಲ್ಲು ಹುಟ್ಟಾ ಕೆಂಪು, ಬಣ್ಣ ನೋಡಿ ಏನು ಹೇಳುವುದು? ಸುತ್ತಿಗೆಯಲ್ಲಿ ಬಡಿದು, ಉಳಿಯಲ್ಲಿ ಕೆರೆದು ಒಂದೊಂದೇ ಕಲ್ಲು ಪರೀಕ್ಷಿಸಿದೆವು. ಪುಡಿ ಉದುರಿದ್ದನ್ನು ತೆಗೆದು ಬೇರೆ ಕೂರಿಸಿದೆವು. ಕರಿಕಲ್ಲಿನ ಕಂಬಗಳ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಅದರಲ್ಲಿರುವ ಸ್ಫಟಿಕ ಶಿಲೆ 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಹಿಗ್ಗುವುದೂ ಇದಕ್ಕೆ ಒಂದು ಕಾರಣ. ಅಂಥ ಕಂಬಕ್ಕೆ ಆಸರೆ ಕೊಡದೆ ಕೆಳಗೆ ಯಾರನ್ನೂ ಬಿಡಲಿಲ್ಲ. ಗೋಡೆಯ ಮಸಿ ತೆಗೆಯಲು ನೀರು ಮುಟ್ಟಿಸಲಿಲ್ಲ. ನೀರು ಬಿದ್ದರೆ ಮಸಿ ಒಳಕ್ಕೆ ಇಳಿಯುತ್ತದೆ. ಒಣ ಬ್ರಷ್, ವ್ಯಾಕ್ಯೂಮ್ ಸಾಕಾಯಿತು.

ಗಾರೆಗೆ ಸಿಮೆಂಟ್ ಬೇಡ ಎಂದು ಹಟ ಹಿಡಿದೆ. ಬೆಂಕಿ ಆರಿಸಿದ ನೀರು, ಮೇಲಿಂದ ಮಳೆ, ಗೋಡೆ ಪೂರ್ತಿ ನೆನೆದಿತ್ತು. ಸಿಮೆಂಟ್ ಬಳಿದರೆ ಆ ತೇವ ಒಳಗೇ ಸಿಕ್ಕಿಬೀಳುತ್ತದೆ. ಸುಣ್ಣ ಅದನ್ನು ಹೊರಗೆ ಬಿಡುತ್ತದೆ. ಗುಂಡಿಯಲ್ಲಿ ಕೊಳೆಹಾಕಿದ ಸುಣ್ಣಕ್ಕೆ ಮೂರು ಪಾಲು ಮರಳು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಕೆಲಸ ನಿಧಾನ. ಸಮಿತಿಯವರಿಗೆ ಬೇಸರವೂ ಆಯಿತು. ಆದರೂ ಕಾದರು, ಅದಕ್ಕೆ ನಾನು ಅವರಿಗೆ ಋಣಿ.

ಬಿದ್ದ ಹಂಚನ್ನು ಊರ ಹೆಂಗಸರೇ ಆರಿಸಿದರು. ಬೆರಳಲ್ಲಿ ತಟ್ಟಿದರೆ ‘ಟಣ್’ ಎಂದದ್ದು ಒಂದು ಕಡೆ, ಸದ್ದು ಒಡೆದದ್ದು ಇನ್ನೊಂದು ಕಡೆ. ಸಾಲದ್ದಕ್ಕೆ ಕೆಡವುತ್ತಿದ್ದ ಹಳೆ ಮನೆಗಳಿಂದ ಅದೇ ಅಳತೆಯ ಹಂಚು ತಂದೆವು.

ಈ ಸಲ ಮುಚ್ಚಿಗೆ ಹೊಡೆಸಲಿಲ್ಲ, ಮಾಡಿನ ಮರ ಕೆಳಗಿನಿಂದಲೇ ಕಾಣಬೇಕು. ವೈರೆಲ್ಲ ಪೈಪಿನೊಳಗೆ ಗೋಡೆಯ ಮೇಲೇ ಹೋಗಿದೆ, ಮರದ ಮೇಲೆ ಎಲ್ಲೂ ಇಲ್ಲ. ಮೇನ್ ಬೋರ್ಡ್ ಬಾಗಿಲ ಪಕ್ಕ ಇದೆ. ಭಜನೆ ಮುಗಿಸಿ ಕೊನೆಗೆ ಹೊರಡುವವರು ದೇವರ ದೀಪದ ಲೈನ್ ಬಿಟ್ಟು ಉಳಿದದ್ದನ್ನು ಅಲ್ಲೇ ಆಫ್ ಮಾಡಿ ಹೋಗುತ್ತಾರೆ.