ಇಂಧನ ಸಂರಕ್ಷಣೆಯ ರಾಷ್ಟ್ರೀಯ ಚಿತ್ರಕಲಾ ಸ್ಪರ್ಧೆಗೆ ಮಕ್ಕಳನ್ನು ಅಣಿಗೊಳಿಸುವುದು ಹೇಗೆ?

ಕೇಂದ್ರ ವಿದ್ಯುತ್ ಸಚಿವಾಲಯವು ಇಂಧನ ದಕ್ಷತಾ ಬ್ಯೂರೋದ ಮೂಲಕ 2005ರಲ್ಲಿ ಆರಂಭಿಸಿದ ಈ ಸ್ಪರ್ಧೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ 5ರಿಂದ 7ನೇ ತರಗತಿಯವರು ‘ಎ’ ಗುಂಪಿನಲ್ಲೂ 8ರಿಂದ 10ನೇ ತರಗತಿಯವರು ‘ಬಿ’ ಗುಂಪಿನಲ್ಲೂ ಭಾಗವಹಿಸುತ್ತಾರೆ. ಶಾಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಹಂತಗಳನ್ನು ದಾಟಿದವರಿಗೆ ಡಿಸೆಂಬರ್ 14ರ ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನದ ಸಮಾರಂಭದಲ್ಲಿ ದೆಹಲಿಯಲ್ಲಿ ಬಹುಮಾನ ಸಿಗುತ್ತದೆ. ವಿಷಯ ಮತ್ತು ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಸುತ್ತೋಲೆಯಲ್ಲೇ ನೋಡಿಕೊಳ್ಳಬೇಕು.

ಪೋಷಕರು ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ರಾಜ್ಯಮಟ್ಟದಲ್ಲಿ ಮಗು ಮತ್ತೊಮ್ಮೆ ಸ್ಥಳದಲ್ಲೇ ಕುಳಿತು ಚಿತ್ರ ಬಿಡಿಸಬೇಕಾಗುತ್ತದೆ. ಶಾಲಾ ಹಂತದಲ್ಲಿ ಅಣ್ಣನೋ ಟ್ಯೂಷನ್ ಮೇಷ್ಟ್ರೋ ತಿದ್ದಿಕೊಟ್ಟ ಚಿತ್ರ ಆಯ್ಕೆಯಾದರೂ ಅಲ್ಲಿ ಮಗುವಿನ ಕೈ ಕಟ್ಟಿಹಾಕಿದಂತಾಗುತ್ತದೆ. ಆದ್ದರಿಂದ ಕಲ್ಪನೆಯೂ ಗೆರೆಯೂ ಮೊದಲ ದಿನದಿಂದಲೇ ಮಗುವಿನದ್ದಾಗಿರಲಿ.

ಕಲ್ಪನೆಗಾಗಿ ಅಂತರ್ಜಾಲದಲ್ಲಿ ಹುಡುಕಬಾರದು. ಬಲ್ಬಿನೊಳಗೆ ಭೂಗೋಳ, ಭೂಗೋಳವನ್ನು ಹಿಡಿದ ಎರಡು ಕೈ, ಒಂದು ಬದಿ ಹಸಿರು, ಇನ್ನೊಂದು ಬದಿ ಹೊಗೆ: ಇವನ್ನು ಕಂಡು ಕಂಡು ತೀರ್ಪುಗಾರರ ಕಣ್ಣು ದಣಿದಿರುತ್ತದೆ. ಬದಲಿಗೆ ಒಂದು ಸಂಜೆ ಮಗುವಿನ ಕೈಗೆ ನೋಟ್‌ಬುಕ್ ಕೊಟ್ಟು, ಮನೆಯಲ್ಲಿ ಯಾವುದು ಎಷ್ಟು ಹೊತ್ತು ಉರಿಯುತ್ತದೆ, ತಿರುಗುತ್ತದೆ ಎಂದು ಬರೆದುಕೊಳ್ಳಲು ಹೇಳಿ. 75 ವಾಟ್‌ನ ಹಳೆಯ ಫ್ಯಾನ್ ಖಾಲಿ ಕೋಣೆಯಲ್ಲಿ 8 ಗಂಟೆ ತಿರುಗಿದರೆ 0.6 ಯೂನಿಟ್ ವ್ಯರ್ಥವಾಗುತ್ತದೆ ಎಂಬ ಲೆಕ್ಕವನ್ನು ತಾನೇ ಮಾಡಿದ ಮಗುವಿಗೆ ಚಿತ್ರದಲ್ಲಿ ಏನು ಹೇಳಬೇಕೆಂಬುದು ಹೊಳೆಯುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು, ಎತ್ತರದಲ್ಲಿದ್ದ ಸ್ವಿಚ್ಚನ್ನು ಪೊರಕೆಯ ಹಿಡಿಯಿಂದ ಆರಿಸುತ್ತಿರುವ ಅಜ್ಜಿಯನ್ನು ಬರೆದಿದ್ದಳು. ಸ್ವಿಚ್‌ಬೋರ್ಡಿನ ಸುತ್ತ ಸುಣ್ಣದ ಗೋಡೆಯ ಮೇಲೆ ಹತ್ತಿದ್ದ ಬೆರಳಿನ ಕರೆಯನ್ನೂ ಬಿಟ್ಟಿರಲಿಲ್ಲ. ಆ ಕರೆಯಿಂದಾಗಿಯೇ ಅದು ಯಾರೋ ಹೇಳಿಕೊಟ್ಟ ಚಿತ್ರವಲ್ಲ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು.

ಕಲ್ಪನೆ ಸಿಕ್ಕ ಮೇಲೆ ಅಂಗೈಯಗಲದ ನಾಲ್ಕೈದು ಕರಡುಗಳನ್ನು ಬಿಡಿಸಿ, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಚಿತ್ರವನ್ನು ಗೋಡೆಗೆ ಒರಗಿಸಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದಾಗಲೂ ಮುಖ್ಯ ಆಕೃತಿ ಥಟ್ಟನೆ ಕಾಣಬೇಕು. ಕಾಣದಿದ್ದರೆ ಬಿಡಿ ವಸ್ತುಗಳು ಹೆಚ್ಚಾಗಿವೆ ಎಂದೇ ಅರ್ಥ. ಘೋಷವಾಕ್ಯಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಚಿತ್ರವೇ ಹೇಳಿದ್ದನ್ನು ಅಕ್ಷರದಲ್ಲಿ ಮತ್ತೆ ಹೇಳುವುದರಿಂದ ಜಾಗ ಹಾಳಾಗುವುದಲ್ಲದೆ, ಅವಸರದಲ್ಲಿ ಕಾಗುಣಿತ ತಪ್ಪುವುದೂ ಉಂಟು.

ಅಭ್ಯಾಸವನ್ನು ಗಡಿಯಾರ ಇಟ್ಟುಕೊಂಡೇ ಮಾಡಿಸಬೇಕು. ಎರಡು ಗಂಟೆಯೆಂದು ಇಟ್ಟುಕೊಂಡರೆ, ಮೊದಲ ಇಪ್ಪತ್ತೈದು ನಿಮಿಷದಲ್ಲಿ ತೆಳು ಪೆನ್ಸಿಲ್ ಗೆರೆ ಮುಗಿಯಬೇಕು. ನಂತರ ಆಕಾಶ, ಗೋಡೆ, ನೆಲದಂಥ ದೊಡ್ಡ ಭಾಗಗಳಿಗೆ ಬಣ್ಣ ತುಂಬಿ, ಮುಖ ಮತ್ತು ಕೈಗಳನ್ನು ಆಮೇಲೆ ಎತ್ತಿಕೊಳ್ಳಬೇಕು. ಕೊನೆಯ ಹದಿನೈದು ನಿಮಿಷವನ್ನು ಅಂಚಿನ ಗೆರೆಗಳಿಗೆ ಮೀಸಲಿಡಬೇಕು. ಮಳೆಗಾಲದ ತೇವದಲ್ಲಿ ವಾಟರ್ ಕಲರ್ ಬೇಗ ಒಣಗದ ಕಾರಣ ಚಿಕ್ಕ ಮಕ್ಕಳಿಗೆ ಕ್ರೇಯಾನ್ ಅಥವಾ ಬಣ್ಣದ ಪೆನ್ಸಿಲ್ ವಾಸಿ. ಬಣ್ಣ ಒಣಗಲಿ ಎಂದು ಫ್ಯಾನ್ ಹಾಕಿಸಿಕೊಂಡು ವಿದ್ಯುತ್ ಉಳಿತಾಯದ ಚಿತ್ರ ಬಿಡಿಸಿದವರನ್ನೂ ನಾನು ಕಂಡಿದ್ದೇನೆ. ಚಿತ್ರ ಪೂರ್ತಿ ಒಣಗಿದ ಮೇಲೆ, ಸುತ್ತೋಲೆಯಲ್ಲಿ ಕೇಳಿದ ವಿವರಗಳನ್ನು ಹೇಳಿದ ಜಾಗದಲ್ಲೇ ತುಂಬಿ, ಹಾಳೆಯನ್ನು ಮಡಿಸದೆ ಎರಡು ರಟ್ಟುಗಳ ನಡುವೆ ಇಟ್ಟು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಬೇಕು.