ಬಿಸಿನೀರಿನ ನಲ್ಲಿ ಪಾತ್ರೆ ತೊಳೆಯುವುದಕ್ಕೆ: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಡಾಕ್ಟರ ಹತ್ತಿರ ಹೆಸರು ಬರೆಸುವುದು ಎಲ್ಲ ಹೇಗೋ ಆಗುತ್ತದೆ. ಯಾರನ್ನಾದರೂ ಕೇಳಿ, ಹೇಳುತ್ತಾರೆ. ನಾನು ಇಲ್ಲಿ ಹೇಳಹೊರಟಿದ್ದು ಅಡುಗೆಮನೆಯ ನೀರಿನ ವಿಷಯ. ಅದನ್ನು ಯಾರೂ ಕೂತು ಹೇಳಿಕೊಡುವುದಿಲ್ಲ.

ಹೊಸದಾಗಿ ಬಂದವರ ಮನೆಗೆ ಊಟಕ್ಕೆ ಹೋದಾಗ ನನ್ನ ಕಣ್ಣು ಮೊದಲು ಸಿಂಕಿನ ಕಡೆಗೇ ಹೋಗುತ್ತದೆ. ಅನ್ನಕ್ಕಿಡುವ ನೀರನ್ನು ಬಿಸಿ ನಲ್ಲಿಯಿಂದ ಹಿಡಿಯುತ್ತಿದ್ದರೆ ಸುಮ್ಮನಿರಲು ಆಗುವುದಿಲ್ಲ. 'ಹೇಗಿದ್ರೂ ಕುದಿಯುತ್ತಲ್ವಾ, ಬಿಸಿನೀರೇ ಇಟ್ಟರೆ ಬೇಗ ಆಗುತ್ತೆ' ಅನ್ನುತ್ತಾರೆ. ಕೇಳುವುದಕ್ಕೆ ಸರಿಯಾಗೇ ಇದೆ. ಆದರೂ ಬೇಡ. ಕುಡಿಯುವುದಕ್ಕೆ, ಬೇಯಿಸುವುದಕ್ಕೆ ಅಡುಗೆಮನೆಯ ತಣ್ಣೀರಿನ ನಲ್ಲಿಯನ್ನೇ ತಿರುಗಿಸಿ. ಬಿಸಿ ನಲ್ಲಿ ಪಾತ್ರೆಗೆ, ಕೈಗೆ, ನೆಲ ಒರೆಸುವುದಕ್ಕೆ.

ಕಾರಣ ಅಟ್ಟದಲ್ಲಿದೆ. ಇಲ್ಲಿನ ಹಳೆಯ ಮನೆಗಳಲ್ಲಿ ಬೀದಿಯ ಪೈಪಿನಿಂದ ಬಂದ ನೀರು ಮೊದಲು ಅಟ್ಟದ ಮೇಲಿನ ತೊಟ್ಟಿಗೆ ಹೋಗುತ್ತದೆ. ಅಲ್ಲಿಂದ ಇಳಿದು, ಬೀರುವಿನೊಳಗೆ ನಿಂತಿರುವ ತಾಮ್ರದ ಟ್ಯಾಂಕಿನಲ್ಲಿ ಬಿಸಿಯಾಗಿ, ಆಮೇಲೆ ನಲ್ಲಿಗೆ ಬರುತ್ತದೆ. ತೊಟ್ಟಿಯ ಮುಚ್ಚಳ ಸರಿಯಿಲ್ಲದಿದ್ದರೆ ಧೂಳು, ಹುಳ ಎಲ್ಲ ಅದರೊಳಗೇ. ಗಂಟೆಗಟ್ಟಲೆ ನಿಂತ ನೀರು ಅದು. ಜೊತೆಗೆ, ಪೈಪಿನ ಲೋಹವನ್ನು ಬಿಸಿನೀರು ತಣ್ಣೀರಿಗಿಂತ ಜಾಸ್ತಿ ಕರಗಿಸಿಕೊಳ್ಳುತ್ತದೆ. ಅಡುಗೆಮನೆಯ ತಣ್ಣೀರು ಹಾಗಲ್ಲ, ಸಾಮಾನ್ಯವಾಗಿ ಅದು ಬೀದಿಯ ಪೈಪಿನಿಂದ ನೇರವಾಗಿ ಬರುತ್ತದೆ. ಬಚ್ಚಲುಮನೆಯ ತಣ್ಣೀರು ಮಾತ್ರ ಎಷ್ಟೋ ಮನೆಗಳಲ್ಲಿ ಅಟ್ಟದ ತೊಟ್ಟಿಯದೇ. ರಾತ್ರಿ ಬಾಯಾರಿದರೆ ಮಕ್ಕಳು ಬಚ್ಚಲಿಗೇ ಹೋಗಿ ಲೋಟ ಹಿಡಿಯುತ್ತಾರೆ. ಮಲಗುವ ಕೋಣೆಯಲ್ಲೇ ಒಂದು ಬಾಟಲಿ ನೀರು ಇಟ್ಟುಬಿಡಿ.

ಗೋಡೆಯ ಮೇಲೆ ಕಾಂಬಿ ಬಾಯ್ಲರ್ ಇದ್ದರೆ ತೊಟ್ಟಿಯೂ ಇಲ್ಲ, ಟ್ಯಾಂಕೂ ಇಲ್ಲ, ನಲ್ಲಿ ತಿರುಗಿಸಿದಾಗಲೇ ನೀರು ಕಾಯುತ್ತದೆ. ಆದರೂ ಅಡುಗೆಗೆ ತಣ್ಣೀರೇ ಒಳ್ಳೆಯದು. ಮನೆ ಬದಲಾದಾಗ ಅಭ್ಯಾಸ ಬದಲಾಯಿಸುವ ತಾಪತ್ರಯ ಇರುವುದಿಲ್ಲ.

ಮನೆ 1970ಕ್ಕಿಂತ ಹಿಂದಿನದಾದರೆ ಇನ್ನೊಂದು ಮಾತು. ಅಂಥ ಮನೆಗಳಿಗೆ ಸೀಸದ ಪೈಪ್ ಇರುವ ಸಾಧ್ಯತೆ ಇದೆ. ಸೀಸ ಚಿಕ್ಕ ಮಕ್ಕಳ ಮಿದುಳಿಗೆ ಕೆಟ್ಟದ್ದು. ನೀರು ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಸೀಸದ ಪಾಲು ಹೆಚ್ಚುತ್ತದೆ. ಕುದಿಸಿದ ನೀರು ಅಂದರೆ ಶುದ್ಧ ನೀರು ಅಂತ ನಂಬಿ ಬೆಳೆದವರು ನಾವು, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ ಒಂದು ಬೇಸಿನ್ ತುಂಬುವಷ್ಟು ನೀರು ಬಿಟ್ಟು, ಆಮೇಲೆ ಕುಡಿಯುವ ನೀರು ಹಿಡಿಯಿರಿ. ಬೇಸಿನ್ ನೀರು ಗಿಡಕ್ಕಾಗುತ್ತದೆ. ಸೀಸದ ಪೈಪ್ ಇರಬಹುದು ಅನ್ನಿಸಿದರೆ ನೀರಿನ ಕಂಪನಿಗೆ ಫೋನ್ ಮಾಡಿ ವಿಚಾರಿಸಿ.

ಬೇಗ ಆಗಬೇಕು ಅಂದರೆ ಕೆಟಲ್ ಇದೆಯಲ್ಲ! ಇಲ್ಲಿನ ಕೆಟಲ್‌ಗಳು ಹೆಚ್ಚಾಗಿ 3 ಕಿಲೋವ್ಯಾಟಿನವು. ಒಂದು ಲೀಟರ್ ತಣ್ಣೀರು ಎರಡು ನಿಮಿಷ ದಾಟುವಷ್ಟರಲ್ಲಿ ಕುದಿಯುತ್ತದೆ. ಗ್ಯಾಸ್ ಒಲೆಯಲ್ಲಿ ಬಿಸಿಯ ಅರ್ಧಕ್ಕರ್ಧ ಪಾತ್ರೆಯ ಸುತ್ತ ಗಾಳಿಗೇ ಹೋಗುತ್ತದೆ. ಬೇಕಾದಷ್ಟೇ ನೀರು ಕೆಟಲ್‌ನಲ್ಲಿ ಕುದಿಸಿ, ಪಾತ್ರೆಗೆ ಸುರಿದು, ಒಲೆ ಹಚ್ಚಿ. ಉಪ್ಪಿಟ್ಟಿಗೆ ನಾನು ಬೇರೆ ದಾರಿಯನ್ನೇ ಹಿಡಿಯುವುದಿಲ್ಲ. ಈಚೆಗೆ ಒಲೆಯ ಮೇಲೆ ರವೆ ಹುರಿಯುತ್ತಿರುತ್ತದೆ, ಆಚೆಗೆ ಕೆಟಲ್ ಗುಟುರು ಹಾಕುತ್ತಿರುತ್ತದೆ, ಎರಡೂ ಒಟ್ಟಿಗೆ ಮುಗಿಯುತ್ತವೆ.

ಒಂದೇ ಎಚ್ಚರ. ಕೆಟಲ್ ಪ್ಲಗ್ ಗೋಡೆಗೇ ಹಾಕಿ. ನಾಲ್ಕೈದು ಹುಡುಗರು ಸೇರಿ ಹಿಡಿದ ಬಾಡಿಗೆ ಮನೆಗಳಲ್ಲಿ ನೋಡಿದ್ದೇನೆ, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೆಟಲ್, ಮೈಕ್ರೋವೇವ್, ರೈಸ್ ಕುಕ್ಕರ್. ಪ್ಲಗ್ ಮುಟ್ಟಿದರೆ ಬೆಚ್ಚಗಿರುತ್ತದೆ. ಆ ಬೋರ್ಡು ಹೊರುವುದೇ 13 ಆಂಪ್, ಕೆಟಲ್ ಒಂದೇ ಅಷ್ಟನ್ನೂ ಎಳೆಯುತ್ತದೆ. ಬೆಂಕಿ ಹೀಗೇ ಹತ್ತಿಕೊಳ್ಳುವುದು. ದಯವಿಟ್ಟು ಹಾಗೆ ಮಾಡಬೇಡಿ.

ಬೇಳೆ ಬೇಯುವುದಿಲ್ಲ ಅನ್ನುವುದು ಲಂಡನ್ನಿಗೆ, ಅದರ ಸುತ್ತಮುತ್ತಲಿಗೆ ಬಂದವರ ದೊಡ್ಡ ದೂರು. ತೊಗರಿ ಬೇಳೆ ಎಷ್ಟು ಕೂಗಿಸಿದರೂ ಕಾಳುಕಾಳಾಗಿ ನಿಲ್ಲುತ್ತದೆ. ಬೇಳೆ ಹಳೆಯದಿರಬಹುದು, ಆದರೆ ನೀರಿನ ಪಾಲೂ ಇದೆ. ಆಗ್ನೇಯ ಇಂಗ್ಲೆಂಡಿನ ನೀರು ಸುಣ್ಣದ ಬಂಡೆಯ ಮೂಲಕ ಇಳಿದು ಬರುವ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯ ತಿರುಳನ್ನು ಗಟ್ಟಿ ಹಿಡಿದುಕೊಳ್ಳುತ್ತದೆ. ಸ್ಕಾಟ್ಲೆಂಡ್, ವೇಲ್ಸ್, ಮ್ಯಾಂಚೆಸ್ಟರ್ ಕಡೆ ನೀರು ಮೆದು, ಅಲ್ಲಿನವರಿಗೆ ಈ ಗೋಳಿಲ್ಲ. ಫಿಲ್ಟರ್ ಜಗ್ಗಿನ ನೀರಲ್ಲಿ ಬೇಳೆ ನೆನೆಸಿ, ಅದರಲ್ಲೇ ಬೇಯಿಸಿ ನೋಡಿ, ವ್ಯತ್ಯಾಸ ಕಾಣುತ್ತದೆ. ಹುಣಸೆಹುಳಿ, ಟೊಮೆಟೊ ಬೇಳೆ ಬೆಂದ ಮೇಲೆಯೇ.

ಅದೇ ನೀರು ಕೆಟಲ್ ಒಳಗೆ ಬಿಳಿ ಹೊಪ್ಪಳೆಯಾಗಿ ಕಟ್ಟುತ್ತದೆ. ಚಹಾದ ಮೇಲೆ ತೆಳ್ಳಗೆ ಕೆನೆಯಂಥ ಪದರ ತೇಲುತ್ತದೆ, ಕಪ್ಪಿನ ಅಂಚಿಗೆ ಕಂದು ಗೆರೆ ಉಳಿಯುತ್ತದೆ. ಆರೋಗ್ಯಕ್ಕೆ ಏನೂ ಆಗುವುದಿಲ್ಲ, ಹೆದರಬೇಡಿ. ನೀರಿಗೆ ಒಂದಷ್ಟು ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆದರೆ ಹೊಪ್ಪಳೆ ಬಿಡುತ್ತದೆ. ಆದರೆ ಊರಿನ ಕಾಫಿಯ ರುಚಿ, ಊರಿನ ಸಾರಿನ ರುಚಿ ಹಾಗೇ ಬರಲಿ ಅಂತ ಅದೇ ಪುಡಿ, ಅದೇ ಬೇಳೆ ಸೂಟ್‌ಕೇಸಿನಲ್ಲಿ ಹೊತ್ತು ತರುತ್ತೇವೆ. ನೀರನ್ನು ತರಲಾಗುವುದಿಲ್ಲ. ಇದು ಒಪ್ಪಿಕೊಳ್ಳಲು ನನಗೆ ತುಂಬಾ ಕಾಲ ಬೇಕಾಯಿತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಈ ನೀರಿನ ಸಾರೇ ಅಮ್ಮನ ಸಾರು. ರಜಕ್ಕೆ ಊರಿಗೆ ಹೋದಾಗ ಅಜ್ಜಿಯ ಸಾರು ಉಂಡು 'ಚೆನ್ನಾಗಿದೆ, ಆದ್ರೆ ಮನೆಯದರ ಥರ ಇಲ್ಲ' ಅಂತಾರೆ. ಆ ಮಾತಿಗೆ ಬೇಜಾರೂ ಆಗುತ್ತದೆ, ಅವರಿಗೊಂದು ಮನೆ ಆಯಿತಲ್ಲ ಅಂತ ಸಮಾಧಾನವೂ ಆಗುತ್ತದೆ.

ಇನ್ನು ಕುಕ್ಕರ್. ಊರಿಂದ ಅಲ್ಯೂಮಿನಿಯಂ ಕುಕ್ಕರ್ ಹೊತ್ತು ತರುವ ಮೊದಲು, ನೀವು ಹೋಗುವ ಮನೆಯಲ್ಲಿ ಯಾವ ಒಲೆ ಇದೆ ಕೇಳಿ. ಇಂಡಕ್ಷನ್ ಆದರೆ ಬರೀ ಅಲ್ಯೂಮಿನಿಯಂ ಕಾಯುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಅಂಟಿದರೆ ನಡೆಯುತ್ತದೆ. ಕರೆಂಟಿನ ಗಾಜಿನ ಒಲೆಯಾದರೆ, ಆಫ್ ಮಾಡಿದ ಮೇಲೂ ತಟ್ಟೆ ತುಂಬಾ ಹೊತ್ತು ಕಾದೇ ಇರುತ್ತದೆ, ಹಾಗಾಗಿ ಕೂಗು ಮುಗಿದ ಮೇಲೆ ಕುಕ್ಕರನ್ನು ಪಕ್ಕಕ್ಕೆ ಇಳಿಸಿ.

ಸ್ಲೋ ಕುಕ್ಕರ್ ಕೊಂಡವರು ರಾಜ್ಮಾ ವಿಷಯದಲ್ಲಿ ಹುಷಾರು. ಹಸಿ ರಾಜ್ಮಾದಲ್ಲಿ ಒಂದು ಬಗೆಯ ವಿಷವಿದೆ, ಅರೆಬೆಂದರೆ ಜೋರು ವಾಂತಿ, ಭೇದಿ. ಸ್ಲೋ ಕುಕ್ಕರಿನ ಹದವಾದ ಬಿಸಿ ಅದನ್ನು ಕೊಲ್ಲುವುದಿಲ್ಲ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ, ಸಾಧ್ಯವಾದರೆ ಅರ್ಧ ಗಂಟೆ, ಕೊತಕೊತ ಕುದಿಸಿ. ಆಮೇಲೆ ಸ್ಲೋ ಕುಕ್ಕರಿಗೆ ಹಾಕಿ. ಪ್ರೆಷರ್ ಕುಕ್ಕರಿನಲ್ಲಿ ಪೂರ್ತಿ ಬೇಯಿಸುವವರಿಗೆ ಈ ಚಿಂತೆ ಬೇಡ. ಅದರೊಳಗೆ ಬಿಸಿ 120 ಡಿಗ್ರಿಯ ಹತ್ತಿರ ಹೋಗುತ್ತದೆ.

ತೆರೆದ ಪಾತ್ರೆಯಲ್ಲಿ ಹಾಗಲ್ಲ. ಕುದಿ ಬಂದ ಮೇಲೆ ಉರಿ ಎಷ್ಟೇ ಏರಿಸಿ, ನೀರು 100 ಡಿಗ್ರಿ ದಾಟುವುದಿಲ್ಲ, ಬರೀ ಹಬೆ ಜಾಸ್ತಿಯಾಗುತ್ತದೆ. ಊರಿನಲ್ಲಿ ಹಬೆ ಕಿಟಕಿಯಿಂದ ಆಚೆ ಹೋಗುತ್ತಿತ್ತು. ಇಲ್ಲಿ ಚಳಿಗೆ ಎಲ್ಲ ಮುಚ್ಚಿರುತ್ತೇವೆ. ಆ ಹಬೆ ತಣ್ಣನೆ ಗೋಡೆಗೆ ಕೂತು, ಮೂಲೆಯಲ್ಲಿ, ಬೀರುವಿನ ಹಿಂದೆ ಕಪ್ಪು ಬೂಷ್ಟಾಗುತ್ತದೆ. ಮಕ್ಕಳ ಕೆಮ್ಮು ಬಿಡದಿದ್ದರೆ ಔಷಧಿಯ ಜೊತೆ ಗೋಡೆಯನ್ನೂ ನೋಡಿ. ಪಾತ್ರೆಗೆ ಮುಚ್ಚಳ ಹಾಕಿ, ಉರಿ ತಗ್ಗಿಸಿ, ಹಬೆ ಹೊರಗೆಳೆಯುವ ಫ್ಯಾನ್ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಕಿಟಕಿ ತೆರೆಯಿರಿ. ಚಳಿ ಆಗಲಿ ಪರವಾಗಿಲ್ಲ.

ಒಗ್ಗರಣೆ ಎಣ್ಣೆ, ತುಪ್ಪದ ಜಿಡ್ಡನ್ನು ಬಿಸಿನೀರಿನ ಜೊತೆ ಸಿಂಕಿಗೆ ಬಿಡುವುದೂ ಬೇಡ. ಕರಗಿ ಹೋಯಿತು ಅನ್ನಿಸುತ್ತದೆ. ಕೆಳಗಿನ ತಣ್ಣನೆ ಪೈಪಿನಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ ಸುಮಾರು 250 ಮೀಟರ್ ಉದ್ದದ, 130 ಟನ್ ತೂಕದ ಕೊಬ್ಬಿನ ಗಡ್ಡೆ ಸಿಕ್ಕಿತ್ತು. ಬಾಣಲೆಯನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ.

ಬಾಯ್ಲರ್ ವಿಷಯ ಬೇಗ ಮುಗಿಸುತ್ತೇನೆ. ಗ್ಯಾಸ್ ಸೇಫ್ ಅನ್ನುವ ಅಧಿಕೃತ ಪಟ್ಟಿಯಲ್ಲಿ ಹೆಸರಿರುವ ಗ್ಯಾಸ್ ರಿಪೇರಿಯವರಿಂದ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವುದು ಮನೆ ಮಾಲೀಕರ ಕೆಲಸ, ತಪಾಸಣೆಯ ಚೀಟಿ ಕೇಳಿ ಇಸ್ಕೊಳ್ಳಿ. ಕಾರ್ಬನ್ ಮೊನಾಕ್ಸೈಡ್ ಅನ್ನುವ ವಾಸನೆಯಿಲ್ಲದ ವಿಷಾನಿಲವನ್ನು ಪತ್ತೆ ಹಚ್ಚುವ ಅಲಾರಂ ಇರಲೇಬೇಕು. ಗ್ಯಾಸ್ ವಾಸನೆ ಬಂದರೆ ಹೊರಗೆ ಬಂದು 0800 111 999ಕ್ಕೆ ಕರೆ ಮಾಡಿ.

ಬಿಸಿನೀರಿನ ಟ್ಯಾಂಕ್ ಇರುವವರು ದುಡ್ಡು ಉಳಿಸಲು ಅದರ ಬಿಸಿಯನ್ನು 60 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಬೆಚ್ಚಗಿನ ನೀರಿನಲ್ಲಿ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳ ಚರ್ಮವನ್ನು ಇನ್ನೂ ಬೇಗ. ಎಷ್ಟೋ ಮನೆಗಳಲ್ಲಿ ಬಿಸಿಗೆ ಒಂದು, ತಣ್ಣೀರಿಗೆ ಒಂದು ಬೇರೆ ಬೇರೆ ನಲ್ಲಿ. ಅಪ್ಪ ಅಮ್ಮ ಊರಿಂದ ಬಂದ ದಿನವೇ ಅವರನ್ನು ಸಿಂಕಿನ ಮುಂದೆ ನಿಲ್ಲಿಸಿ, ಯಾವುದು ಎಷ್ಟು ಸುಡುತ್ತದೆ ಅಂತ ತೋರಿಸಿ. ಬೆಳಿಗ್ಗೆ ಎದ್ದು ಬಿಸಿನೀರು ಕುಡಿಯುವ ಅಭ್ಯಾಸ ಅವರದು, ನಲ್ಲಿಯದೇ ಬಿಸಿ ಇದೆಯಲ್ಲ ಅಂತ ಅದನ್ನೇ ಕುಡಿಯುತ್ತಾರೆ. ಕೆಟಲ್ ಹಾಕುವುದು ಕಲಿಸಿ, ಇಲ್ಲವೇ ಫ್ಲಾಸ್ಕ್ ತುಂಬಿಡಿ. ನೀವು ಆಫೀಸಿಗೆ ಹೋದ ಮೇಲೆ ಒಂದು ಲೋಟ ನೀರಿಗೂ ಅವರು ಯಾರನ್ನೋ ಕಾಯಬೇಕಾಗಬಾರದು.

ಹಸುಗೂಸಿಗೆ ಡಬ್ಬಿ ಹಾಲು ಕಲಸುವಾಗ ಹೊಸ ತಣ್ಣೀರು ಕುದಿಸಿ, ಅರ್ಧ ಗಂಟೆಯೊಳಗೆ, ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಹಾಕಿ, ಆಮೇಲೆ ಬಾಟಲಿಯನ್ನು ತಣ್ಣಗೆ ಮಾಡಿ ಕುಡಿಸಿ. ಪುಡಿಯಲ್ಲೇ ಇರಬಹುದಾದ ಕ್ರಿಮಿ ಸಾಯುವುದು ಆ ಬಿಸಿಗೆ.

ಕೆಟಲ್ ವೈರು ಕಟ್ಟೆಯಿಂದ ಕೆಳಗೆ ಇಳಿಬಿದ್ದಿರಬಾರದು, ಅಂಬೆಗಾಲಿಡುವ ಮಗು ಎಳೆದೇ ಎಳೆಯುತ್ತದೆ. ಯಾರಿಗಾದರೂ ಬಿಸಿನೀರು ಬಿದ್ದರೆ ಪೇಸ್ಟ್, ಅರಿಶಿನ, ಬೆಣ್ಣೆ, ಐಸ್ ಏನೂ ಹಚ್ಚಬೇಡಿ. ಬಟ್ಟೆ, ಬಳೆ ತೆಗೆಯಿರಿ. ಚರ್ಮಕ್ಕೆ ಅಂಟಿದ್ದರೆ ಮಾತ್ರ ಎಳೆಯಬೇಡಿ. ಹರಿಯುವ ತಣ್ಣೀರಿಗೆ 20 ನಿಮಿಷ ಹಿಡಿಯಿರಿ, ಮಗು ಅತ್ತರೂ ಬಿಡಬೇಡಿ, ಉಳಿದ ಮೈ ಬೆಚ್ಚಗಿರಲಿ. ಆಮೇಲೆ ಸುಟ್ಟ ಜಾಗದ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮನ್ನು (ಊಟ ಮುಚ್ಚಿಡುವ ತೆಳು ಪ್ಲಾಸ್ಟಿಕ್ ಹಾಳೆ) ಸುತ್ತದೆ, ಉದ್ದಕ್ಕೆ ಹೊದಿಸಿ. ಮುಖ, ಕೈ ಸುಟ್ಟಿದ್ದರೆ, ಗಾಯ ದೊಡ್ಡದಿದ್ದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಅಥವಾ 999 ಒತ್ತಿ. ಏನು ಮಾಡಬೇಕು ಗೊತ್ತಾಗದಿದ್ದರೆ ಸರ್ಕಾರಿ ಆರೋಗ್ಯ ಸಲಹೆಯ ಸಂಖ್ಯೆ 111ಕ್ಕೆ ಕರೆ ಮಾಡಿ, ನಡುರಾತ್ರಿಯಾದರೂ ಎತ್ತುತ್ತಾರೆ.