ಫೀನಾಲ್ ತಿನ್ನುವ ಬ್ಯಾಕ್ಟೀರಿಯಾಗೆ ಎಷ್ಟು ಬಿಸಿ ಬೇಕು? ನನ್ನ ಅನುಭವ

ಕಾರ್ಖಾನೆ ನೀರು ಹರಿಯುವ ಹಳ್ಳದ ದಂಡೆಯ ಮಣ್ಣಿನಿಂದ ನಾನು ಸೂಡೊಮೊನಾಸ್ ಅನ್ನುವ ಗುಂಪಿನ ಒಂದು ಬ್ಯಾಕ್ಟೀರಿಯಾ ತೆಗೆದಿದ್ದೆ. ಲವಣಗಳ ಮೀಡಿಯಾಕ್ಕೆ (ಬ್ಯಾಕ್ಟೀರಿಯಾ ಬೆಳೆಸುವ ದ್ರಾವಣ) ಲೀಟರಿಗೆ 200 ಮಿಲಿಗ್ರಾಂ ಫೀನಾಲ್ (ಕಾರ್ಖಾನೆ ನೀರಿನಲ್ಲಿ ಬರುವ ಒಂದು ವಿಷಕಾರಿ ರಾಸಾಯನಿಕ) ಹಾಕಿದರೆ ಸಾಕು, ಅದನ್ನೇ ತಿಂದು ಬೆಳೆಯುತ್ತಿತ್ತು. ಎಷ್ಟು ಬಿಸಿಯಲ್ಲಿ ಚೆನ್ನಾಗಿ ತಿನ್ನುತ್ತದೆ ಅಂತ ನೋಡಲು 20, 25, 30, 37, 42 ಡಿಗ್ರಿ ಆರಿಸಿಕೊಂಡೆ.

ಮೊದಲ ತೊಡಕು ಶೇಕರ್‌ನದು, ಅಂದರೆ ಫ್ಲಾಸ್ಕುಗಳನ್ನು ಬೇಕಾದ ಬಿಸಿಯಲ್ಲಿಟ್ಟು ಅಲುಗಾಡಿಸುವ ಯಂತ್ರದ್ದು. ಕಲಬುರಗಿಯ ಬೇಸಿಗೆಯಲ್ಲಿ ಲ್ಯಾಬಿನ ಕೋಣೆಯೇ 36-38 ಡಿಗ್ರಿ ಇರುತ್ತದೆ. ಕಂಪ್ರೆಸರ್ ಇಲ್ಲದ ಶೇಕರ್ ಬಿಸಿ ಮಾಡುತ್ತದೆ, ತಂಪು ಮಾಡುವುದಿಲ್ಲ. ಹಾಗಾಗಿ 37ರವರೆಗಿನದೆಲ್ಲ ಕೂಲಿಂಗ್ ಶೇಕರ್‌ನಲ್ಲೇ ಮಾಡಿದೆ. ಇನ್ನೊಂದು, ಡಿಸ್‌ಪ್ಲೇ ತೋರಿಸುವುದು ಒಳಗಿನ ಗಾಳಿಯ ಬಿಸಿ. ಫ್ಲಾಸ್ಕಿನ ಒಳಗೆ ಎಷ್ಟಿದೆ ಅಂತ ಅದಕ್ಕೆ ಗೊತ್ತಿರಲ್ಲ. ಒಂದು ಫ್ಲಾಸ್ಕಿಗೆ ಬರೀ ನೀರು ಹಾಕಿ, ಥರ್ಮಾಮೀಟರ್ ಇಳಿಬಿಟ್ಟು ಪಕ್ಕದಲ್ಲೇ ಇಟ್ಟೆ. ಪುಸ್ತಕದಲ್ಲಿ ಬರೆದುಕೊಂಡದ್ದು ಆ ರೀಡಿಂಗ್ ಅನ್ನೇ.

250 ಮಿಲಿ ಫ್ಲಾಸ್ಕಿಗೆ 50 ಮಿಲಿಗಿಂತ ಜಾಸ್ತಿ ತುಂಬಲಿಲ್ಲ. ಫೀನಾಲ್ ಒಡೆಯಲು ಆಮ್ಲಜನಕ ಬೇಕು, ಆದರೆ ನೀರು ಬಿಸಿಯಾದಷ್ಟೂ ಅದು ಕಮ್ಮಿ ಕರಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 37ರಲ್ಲಿ 7ಕ್ಕಿಂತ ಕಮ್ಮಿ. ಪ್ರತಿ ಬಿಸಿಗೂ ಬ್ಯಾಕ್ಟೀರಿಯಾ ಹಾಕದ ಒಂದು ಫ್ಲಾಸ್ಕ್ ಇಡಲೇಬೇಕು. ಬಿಸಿಗೆ ಫೀನಾಲ್ ಸ್ವಲ್ಪ ಸುಮ್ನೆ ಆವಿಯಾಗಿಯೂ ಹೋಗುತ್ತದೆ. ಅದನ್ನು ಕಳೆಯದಿದ್ದರೆ ಎಲ್ಲವನ್ನೂ ಬ್ಯಾಕ್ಟೀರಿಯಾ ತಿಂದಿತು ಅಂತ ಲೆಕ್ಕವಾಗುತ್ತದೆ.

30ರಲ್ಲಿ ಬೆಳವಣಿಗೆ ಎಲ್ಲಕ್ಕಿಂತ ಜೋರು, 25 ಅದರ ಹಿಂದೆ. 20ರಲ್ಲಿ ಬಹಳ ಹೊತ್ತು 600 ನ್ಯಾನೋಮೀಟರಿನ ರೀಡಿಂಗ್ (ದ್ರಾವಣ ಎಷ್ಟು ಮಬ್ಬಾಗಿದೆ, ಅಂದರೆ ಎಷ್ಟು ಬೆಳೆದಿದೆ ಅಂತ ಹೇಳುವ ಅಳತೆ) ಕದಲಲೇ ಇಲ್ಲ. ಆದರೂ ಕಾದೆ, ಕೊನೆಗೆ ಫೀನಾಲ್ ಪೂರ್ತಿ ಖಾಲಿಯಾಯಿತು. 24 ಗಂಟೆಗೆ ಒಂದೇ ರೀಡಿಂಗ್ ತೆಗೆದು 'ಇಲ್ಲಿ ಬೆಳೆಯಲ್ಲ' ಅಂತ ಬರೆದುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. 42ರಲ್ಲಿ ಮಾತ್ರ ನಿಜವಾಗಿಯೂ ಬೆಳೆಯಲಿಲ್ಲ. ಆ ಫ್ಲಾಸ್ಕಿನದನ್ನು ಪ್ಲೇಟಿಗೆ ಹರಡಿ 30ರಲ್ಲಿ ಇಟ್ಟಾಗಲೂ ಬಂದದ್ದು ಬೆರಳೆಣಿಕೆಯ ಕಾಲೊನಿ.

ನನಗೆ ಜಾಸ್ತಿ ಕಲಿಸಿದ್ದು 37. ಈ ಬ್ಯಾಕ್ಟೀರಿಯಾ ಫೀನಾಲನ್ನು ಮೊದಲು ಕ್ಯಾಟೆಕಾಲ್ ಮಾಡುತ್ತದೆ, ಆಮೇಲೆ ಅದರ ಉಂಗುರ ಒಡೆಯುತ್ತದೆ. ಆಗ ಹುಟ್ಟುವ ವಸ್ತು ಹಳದಿ. 30ರಲ್ಲಿ ಮೀಡಿಯಾ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ಸ್ವಲ್ಪ ಹೊತ್ತಿಗೆ ಮತ್ತೆ ತಿಳಿಯಾಗುತ್ತಿತ್ತು. 37ರಲ್ಲಿ ಹಳದಿ ಹೋಗಲೇ ಇಲ್ಲ. ಫೀನಾಲ್ ಇದ್ದರೆ ಕೆಂಪು ಬಣ್ಣ ಕೊಡುವ 4-ಅಮಿನೋಆಂಟಿಪೈರಿನ್ ಹಾಕಿ ನೋಡಿದರೆ ಕೆಂಪು ಬರಲಿಲ್ಲ, ಅಂದರೆ ಫೀನಾಲ್ ಮುಗಿದಿದೆ. 375 ನ್ಯಾನೋಮೀಟರಿನಲ್ಲಿ ನೋಡಿದರೆ ಹಳದಿ ವಸ್ತು ಹಾಗೇ ನಿಂತಿದೆ. ಮೊದಲ ಕಿಣ್ವಗಳು ಆ ಬಿಸಿ ತಡೆದುಕೊಂಡವು, ಮುಂದಿನವು ಹಿಂದೆ ಬಿದ್ದವು ಅಂತ ನನ್ನ ಅಂದಾಜು. ಫೀನಾಲ್ ಸೊನ್ನೆ ಅಂತ ಆ ನೀರನ್ನು ಶುದ್ಧ ಅನ್ನೋಕಾಗುತ್ತಾ? ಅಂದಿನಿಂದ ಪ್ರತಿ ಫ್ಲಾಸ್ಕಿಗೂ ಸಿಒಡಿ (ನೀರಿನಲ್ಲಿ ಒಟ್ಟು ಎಷ್ಟು ಸಾವಯವ ವಸ್ತು ಉಳಿದಿದೆ ಅಂತ ಹೇಳುವ ಅಳತೆ) ಕೂಡ ನೋಡುತ್ತೇನೆ.

ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಬಯಲು ಮಣ್ಣಿನ ಮೇಲ್ಪದರ 42 ದಾಟಿ ಕಾಯುತ್ತದೆ. ಅಲ್ಲಿ ಈ ಸೂಡೊಮೊನಾಸ್ ಉಳಿಯಲ್ಲ. ಅದಕ್ಕೆ ಅದೇ ಹಳ್ಳದ ಮಣ್ಣನ್ನು ಈಗ ನೇರವಾಗಿ 45 ಡಿಗ್ರಿಯಲ್ಲಿ, 100 ಮಿಲಿಗ್ರಾಂ ಫೀನಾಲಿನ ಜೊತೆ ಇಟ್ಟಿದ್ದೇನೆ. ಬ್ಯಾಸಿಲಸ್ ಥರದ, ಬೀಜಕ ಕಟ್ಟುವ ಕಾಲೊನಿಗಳು ಬಂದಿವೆ. ತಿನ್ನುವುದು ನಿಧಾನ, ಆದರೆ ಬಿಸಿಗೆ ಸಾಯುತ್ತಿಲ್ಲ.